ವಿಮಾನ ಕಾರ್ಖಾನೆ ಬೆಂಗಳೂರಿಗೇ ಏಕೆ ಬಂತು?

ಬೆಂಗಳೂರಿನ ಹಳೆಯ ತಲೆಮಾರಿನವರ ಬಾಯಲ್ಲಿ ಎಚ್‌ಎಎಲ್ ಇಂದಿಗೂ 'ಏರ್‌ಕ್ರಾಫ್ಟ್ ಫ್ಯಾಕ್ಟರಿ' ಅಥವಾ 'ವಿಮಾನ ಕಾರ್ಖಾನೆ'. ಕಾರ್ಖಾನೆಯ ಸುತ್ತಲಿನ ಪ್ರದೇಶಕ್ಕೆ ವಿಮಾನಪುರ ಎಂಬ ಹೆಸರು ನಿಂತು ಎಷ್ಟೋ ದಶಕಗಳಾಗಿವೆ. ಆದರೆ 1940ರಲ್ಲಿ ಈ ಕಾರ್ಖಾನೆ ಹುಟ್ಟಿದಾಗ ಭಾರತದಲ್ಲಿ ಒಂದು ಮೋಟಾರು ಕಾರನ್ನೂ ಪೂರ್ತಿಯಾಗಿ ತಯಾರಿಸುತ್ತಿರಲಿಲ್ಲ, ವಿಮಾನಕ್ಕೆ ಬೇಕಾದ ಅಲ್ಯೂಮಿನಿಯಂ ಮಿಶ್ರಲೋಹದ ತಗಡು ಇಲ್ಲಿ ಸಿಗುತ್ತಿರಲಿಲ್ಲ, ಎಂಜಿನ್ನಂತೂ ದೂರದ ಮಾತು. ಹತ್ತಿರದಲ್ಲಿ ಬಂದರಿಲ್ಲದ, ರಾಗಿ ಹೊಲಗಳೂ ಕೆರೆಗಳೂ ತುಂಬಿದ್ದ ಒಂದು ಪ್ರಸ್ಥಭೂಮಿಯ ಊರು ಇಂಥ ಉದ್ಯಮಕ್ಕೆ ನೆಲೆಯಾದದ್ದು ಹೇಗೆ ಎಂದು ಕೇಳಿದರೆ, ಬರುವ ಉತ್ತರ ಹೆಚ್ಚಾಗಿ ಒಂದೇ: ಬೆಂಗಳೂರಿನ ಹವೆ. ಅದು ಸುಳ್ಳಲ್ಲ, ಆದರೆ ಪೂರ್ತಿ ಉತ್ತರವೂ ಅಲ್ಲ. ಹವೆ ಚೆನ್ನಾಗಿರುವ ಊರುಗಳು ದೇಶದಲ್ಲಿ ಇನ್ನೂ ಇದ್ದವು. ನಿಜವಾದ ಕಾರಣಗಳನ್ನು ತಿಳಿಯಬೇಕಾದರೆ ಹಿಂದಿನ ನಾಲ್ಕು ದಶಕಗಳಲ್ಲಿ ಮೈಸೂರು ಸಂಸ್ಥಾನ ಏನೇನು ಕಟ್ಟಿಕೊಂಡಿತ್ತು ಎಂಬುದನ್ನೂ, ಯುದ್ಧಕಾಲದಲ್ಲಿ ಈ ಕಾರ್ಖಾನೆ ನಿಜವಾಗಿ ಮಾಡಿದ ಕೆಲಸ ಯಾವುದು ಎಂಬುದನ್ನೂ ನೋಡಬೇಕು.

ಅದಕ್ಕೂ ಮೊದಲು ಬಳ್ಳಾರಿಯ ವಿಷಯ ಹೇಳಲೇಬೇಕು, ಏಕೆಂದರೆ ಇಂದಿನ ಕರ್ನಾಟಕದ ವಿಮಾನ ಚರಿತ್ರೆಯಲ್ಲಿ ಆ ಊರಿಗೆ ಸಲ್ಲಬೇಕಾದ ಸ್ಥಾನ ಇನ್ನೂ ಸಂದಿಲ್ಲ. 1932ರ ಅಕ್ಟೋಬರ್ 15ರ ಬೆಳಿಗ್ಗೆ ಜೆ.ಆರ್.ಡಿ. ಟಾಟಾ ಅವರು ಪುಸ್ ಮಾತ್ ಎಂಬ ಒಂಟಿ ಎಂಜಿನ್ನಿನ ಪುಟ್ಟ ವಿಮಾನದಲ್ಲಿ ಅಂಚೆ ಚೀಲಗಳನ್ನು ಹೊತ್ತು ಕರಾಚಿಯಿಂದ ಹೊರಟು, ಅಹಮದಾಬಾದಿನಲ್ಲಿ ಇಂಧನ ತುಂಬಿಸಿಕೊಂಡು, ಮಧ್ಯಾಹ್ನ ಮುಂಬಯಿಯ ಜುಹೂ ತಲುಪಿದ ಸಂಗತಿ ಎಲ್ಲರಿಗೂ ಗೊತ್ತು. ಆ ಅಂಚೆ ಅಲ್ಲಿಗೇ ನಿಲ್ಲಲಿಲ್ಲ. ಲಂಡನ್ನಿನಿಂದ ಕರಾಚಿಗೆ ಬರುತ್ತಿದ್ದ ಪತ್ರಗಳನ್ನು ಮದರಾಸಿನವರೆಗೆ ಮುಟ್ಟಿಸುವುದೇ ಈ ಸೇವೆಯ ಉದ್ದೇಶವಾಗಿತ್ತು. ಜುಹೂನಿಂದ ಮುಂದಕ್ಕೆ ಟಾಟಾ ಅವರ ಜೊತೆಗಾರ ನೆವಿಲ್ ವಿನ್ಸೆಂಟ್ ಚೀಲಗಳನ್ನು ಹೊತ್ತು ಹಾರಿದರು. ಅವರು ಆ ರಾತ್ರಿ ತಂಗಿದ್ದು ಬಳ್ಳಾರಿಯಲ್ಲಿ. ಮರುದಿನ ಮದರಾಸು ತಲುಪಿದರು.

ರಾತ್ರಿ ತಂಗಿದ್ದೇಕೆ ಎಂಬುದನ್ನು ಗಮನಿಸಿದರೆ ಆ ಕಾಲದ ವಿಮಾನಯಾನ ಎಂಥದೆಂದು ತಿಳಿಯುತ್ತದೆ. ವಿಮಾನದಲ್ಲಿ ರೇಡಿಯೊ ಇರಲಿಲ್ಲ. ನೆಲದ ಮೇಲೆ ದೀಪವಾಗಲೀ ದಾರಿ ತೋರಿಸುವ ಬೇರಾವ ವ್ಯವಸ್ಥೆಯಾಗಲೀ ಇರಲಿಲ್ಲ. ಪೈಲಟ್ ಕೆಳಗಿನ ನದಿ, ರೈಲು ಹಳಿ, ಗುಡ್ಡಗಳನ್ನು ಕಣ್ಣಿನಿಂದ ಗುರುತಿಸಿ ನಕ್ಷೆಗೆ ಹೋಲಿಸಿಕೊಂಡೇ ಹೋಗಬೇಕಿತ್ತು. ಸೂರ್ಯ ಮುಳುಗಿದ ಮೇಲೆ ಇದು ಅಸಾಧ್ಯ. ಮುಂಬಯಿಗೂ ಮದರಾಸಿಗೂ ನಡುವಿನ ದಾರಿಯಲ್ಲಿರುವ ಬಳ್ಳಾರಿ ಬಯಲುಸೀಮೆ. ಮರಗಳು ಕಡಿಮೆ, ಮಳೆ ಕಡಿಮೆ, ನೆಲ ಬೇಗ ಒಣಗುತ್ತದೆ, ಬಂಡೆಗುಡ್ಡಗಳಿಂದ ಊರನ್ನು ದೂರದಿಂದಲೇ ಗುರುತಿಸಬಹುದು, ಕಂಟೋನ್ಮೆಂಟೂ ರೈಲು ನಿಲ್ದಾಣವೂ ಪಕ್ಕದಲ್ಲಿದ್ದವು. ಜುಹೂವಿನ ಮೈದಾನ ಮಳೆಗಾಲದಲ್ಲಿ ಕೆಸರಿನ ಹೊಂಡವಾಗಿ ವಿಮಾನಗಳನ್ನು ಪುಣೆಗೆ ಸಾಗಿಸಬೇಕಾಗುತ್ತಿದ್ದ ಆ ದಿನಗಳಲ್ಲಿ ಒಣ ನೆಲದ ಬೆಲೆ ದೊಡ್ಡದಿತ್ತು. ಬಳ್ಳಾರಿ ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು, ಮೈಸೂರಿಗೆ ಸೇರಿದ್ದು 1953ರಲ್ಲಿ. ಹೀಗಾಗಿ ಮೈಸೂರಿನ ಚರಿತ್ರೆ ಬರೆದವರು ಅದನ್ನು ಬಿಟ್ಟರು, ಮದರಾಸಿನ ಚರಿತ್ರೆ ಬರೆದವರಿಗೆ ಅದು ನಡುವಿನ ಒಂದು ನಿಲ್ದಾಣವಷ್ಟೇ ಆಯಿತು. ಕೆಲವೇ ವರ್ಷಗಳಲ್ಲಿ ಈ ದಾರಿ ಬಳ್ಳಾರಿಯನ್ನು ಬಿಟ್ಟು ಹೈದರಾಬಾದಿನ ಮೇಲೆ ಸಾಗಿತು.

ವಿಮಾನ ಇಳಿದು ಹೋಗುವುದಕ್ಕೆ ಒಂದು ಬಯಲು ಸಾಕು. ವಿಮಾನವನ್ನು ಮಾಡುವುದಕ್ಕೆ ಸಾಲದು. ಅದಕ್ಕೆ ತಡೆಯಿಲ್ಲದ ವಿದ್ಯುತ್ತು ಬೇಕು, ಲೇತಿನ ಮೇಲೆ ಕೂದಲೆಳೆಯಷ್ಟು ಅಳತೆಯನ್ನೂ ತಪ್ಪದೆ ಕೆಲಸ ಮಾಡುವ ಟರ್ನರುಗಳೂ ಫಿಟ್ಟರುಗಳೂ ಬೇಕು, ಲೆಕ್ಕ ಹಾಕಬಲ್ಲ ಎಂಜಿನಿಯರುಗಳು ಬೇಕು, ಲಾಭ ಬರುವುದು ತಡವಾದರೂ ಹಣ ಹಾಕಲು ಸಿದ್ಧವಾದ ಸರ್ಕಾರವೂ ಬೇಕು. ಮೈಸೂರು ಸಂಸ್ಥಾನದಲ್ಲಿ ಇವು ನಾಲ್ಕೂ ಒಂದೊಂದಾಗಿ ಕೂಡಿಬಂದಿದ್ದವು. ಶಿವನಸಮುದ್ರದ ಜಲವಿದ್ಯುತ್ ಕೇಂದ್ರ 1902ರಲ್ಲಿಯೇ ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗಳಿಗೆ ವಿದ್ಯುತ್ ಕಳುಹಿಸಲಾರಂಭಿಸಿತ್ತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದಿತ್ತು. 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆಗೆ ಮಹಾರಾಜರ ಸರ್ಕಾರ 371 ಎಕರೆ ಜಮೀನು ಕೊಟ್ಟಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, 1917ರಲ್ಲಿ, ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆಗೆ ತೊಡಗಿತು. ಸಾಬೂನು, ರೇಷ್ಮೆ, ಪಿಂಗಾಣಿ, ವಿದ್ಯುತ್ ಉಪಕರಣ ಎಂದು ಸರ್ಕಾರವೇ ಮುಂದೆ ನಿಂತು ಉದ್ಯಮ ಕಟ್ಟುವ ಪದ್ಧತಿ ಇಲ್ಲಿ ರೂಢಿಯಾಗಿತ್ತು. ಬ್ರಿಟಿಷರ ನೇರ ಆಳ್ವಿಕೆಯ ಪ್ರಾಂತ್ಯಗಳಲ್ಲಿ ಕಾರ್ಖಾನೆ ಹಾಕಲು ಹೊರಟ ಉದ್ಯಮಿಗೆ ಪಾಲುದಾರನಾಗಿ ಸರ್ಕಾರವೇ ಸಿಗುವುದು ಕನಸಿನ ಮಾತು.

ವಿಶ್ವೇಶ್ವರಯ್ಯನವರು ನಿವೃತ್ತಿಯ ನಂತರ ಬಹಳ ಶ್ರಮಪಟ್ಟದ್ದು ಮೋಟಾರು ಕಾರಿನ ಕಾರ್ಖಾನೆಗಾಗಿ. ಮುಂಬಯಿಯ ಉದ್ಯಮಿ ವಾಲ್‌ಚಂದ್ ಹೀರಾಚಂದರೊಡನೆ ಸೇರಿ ಆ ಯೋಜನೆಯನ್ನು ಮೈಸೂರು ಸಂಸ್ಥಾನದಲ್ಲಿ ನೆಲೆಗೊಳಿಸಲು ಅವರು ಬಯಸಿದ್ದರು. ಬ್ರಿಟಿಷ್ ಭಾರತ ಸರ್ಕಾರ ಅದಕ್ಕೆ ಬೆಂಬಲ ಕೊಡಲಿಲ್ಲ. ಆದರೆ ಆ ಪ್ರಯತ್ನದ ದೆಸೆಯಿಂದ ವಾಲ್‌ಚಂದರಿಗೆ ಮೈಸೂರಿನ ಪರಿಚಯವಾಗಿತ್ತು, ಮೈಸೂರಿನ ಅಧಿಕಾರಿಗಳಿಗೆ ವಾಲ್‌ಚಂದರ ಪರಿಚಯವಾಗಿತ್ತು. ಕೈಗೂಡದ ಒಂದು ಯೋಜನೆ ಕೈಗೂಡಲಿದ್ದ ಇನ್ನೊಂದಕ್ಕೆ ಹೀಗೆ ದಾರಿ ಮಾಡಿಕೊಟ್ಟಿತು ಎಂದೇ ನಾನು ತಿಳಿಯುತ್ತೇನೆ.

1939ರಲ್ಲಿ ವಾಲ್‌ಚಂದರು ಅಮೆರಿಕದಿಂದ ಪೆಸಿಫಿಕ್ ಸಾಗರ ದಾಟುವ ವಿಮಾನದಲ್ಲಿ ಬರುತ್ತಿದ್ದಾಗ ವಿಲಿಯಂ ಪಾಲಿ ಎಂಬ ಅಮೆರಿಕನ್ ಸಹಪ್ರಯಾಣಿಕರ ಭೇಟಿಯಾಯಿತು. ಪಾಲಿ ಚೀನಾ ಸರ್ಕಾರಕ್ಕಾಗಿ ಬರ್ಮಾ ಗಡಿಯ ಲೋಯ್‌ವಿಂಗ್ ಎಂಬಲ್ಲಿ ವಿಮಾನ ಜೋಡಿಸುವ ಕಾರ್ಖಾನೆ ನಡೆಸುತ್ತಿದ್ದರು. ಚೀನಾದ ಮೂಲೆಯಲ್ಲಿ ಆಗುವುದು ಭಾರತದಲ್ಲಿ ಏಕಾಗಬಾರದು ಎಂಬುದು ವಾಲ್‌ಚಂದರ ಪ್ರಶ್ನೆ. ಭಾರತದಲ್ಲಿ ವಿಮಾನ ತಯಾರಿಕೆಗೆ ಬ್ರಿಟಿಷ್ ಸರ್ಕಾರ ಮೊದಲು ಉತ್ಸಾಹ ತೋರಲಿಲ್ಲ. 1940ರ ಬೇಸಿಗೆಯಲ್ಲಿ ಫ್ರಾನ್ಸ್ ಜರ್ಮನಿಗೆ ಶರಣಾಗಿ, ಬ್ರಿಟನ್ನಿನ ಕಾರ್ಖಾನೆಗಳೇ ಬಾಂಬು ದಾಳಿಗೆ ತುತ್ತಾಗುವ ಸ್ಥಿತಿ ಬಂದಾಗ ಅದರ ಮನಸ್ಸು ಬದಲಾಯಿತು. ಜಾಗದ ಪ್ರಶ್ನೆ ಎದ್ದಾಗ ಮೈಸೂರು ಸರ್ಕಾರ ತಡಮಾಡದೆ ಮುಂದೆ ಬಂತು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಸರ್ಕಾರ ಬೆಂಗಳೂರಿನ ಪೂರ್ವಕ್ಕೆ 700 ಎಕರೆ ಜಮೀನನ್ನೂ 25 ಲಕ್ಷ ರೂಪಾಯಿ ಬಂಡವಾಳವನ್ನೂ ಕೊಡಲು ಒಪ್ಪಿತು. ನಾಲ್ವಡಿ ಕೃಷ್ಣರಾಜ ಒಡೆಯರು ಆ ವರ್ಷದ ಆಗಸ್ಟ್‌ನಲ್ಲಿ ತೀರಿಕೊಂಡರು. ಜಯಚಾಮರಾಜ ಒಡೆಯರು ಪಟ್ಟಕ್ಕೆ ಬಂದ ಮೇಲೂ ನಿರ್ಧಾರ ಬದಲಾಗಲಿಲ್ಲ. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಲಿಮಿಟೆಡ್ ನೋಂದಣಿಯಾಯಿತು. ದೊಮ್ಮಲೂರು ರಸ್ತೆಯ 'ಈವನ್‌ಟೈಡ್' ಎಂಬ ಬಂಗಲೆಯಲ್ಲಿ ಅದರ ಕಚೇರಿ ತೆರೆಯಿತು. 1941ರ ಮಾರ್ಚ್‌ನಲ್ಲಿ ಭಾರತ ಸರ್ಕಾರವೂ 25 ಲಕ್ಷ ಹಾಕಿ ಮೂರನೆಯ ಪಾಲುದಾರನಾಯಿತು.

ಇನ್ನು ಹವೆಯ ವಿಷಯಕ್ಕೆ ಬರೋಣ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಈ ಎತ್ತರ ವಿಮಾನಕ್ಕೆ ಅನುಕೂಲ ಎಂದು ಹಲವರು ಭಾವಿಸುತ್ತಾರೆ, ವಾಸ್ತವ ಇದಕ್ಕೆ ವಿರುದ್ಧ. ಇಷ್ಟು ಎತ್ತರದಲ್ಲಿ ಗಾಳಿಯ ಸಾಂದ್ರತೆ ಕಡಲತೀರದಲ್ಲಿರುವುದಕ್ಕಿಂತ ನೂರಕ್ಕೆ ಎಂಟರಷ್ಟು ಕಡಿಮೆ. ರೆಕ್ಕೆಯನ್ನು ಎತ್ತುವುದೂ ಗಾಳಿಯೇ, ಎಂಜಿನ್ನು ಉಸಿರಾಡುವುದೂ ಗಾಳಿಯನ್ನೇ. ಗಾಳಿ ತೆಳುವಾದರೆ ವಿಮಾನ ನೆಲ ಬಿಡಲು ಹೆಚ್ಚು ದೂರ ಓಡಬೇಕಾಗುತ್ತದೆ, ರನ್‌ವೇ ಉದ್ದವಾಗಿರಬೇಕಾಗುತ್ತದೆ. ಅನುಕೂಲ ಇದ್ದದ್ದು ಬೇರೆ ಕಡೆ. ವರ್ಷದ ಹೆಚ್ಚಿನ ದಿನಗಳಲ್ಲಿ ಆಕಾಶ ತಿಳಿಯಾಗಿದ್ದು ಪರೀಕ್ಷಾ ಹಾರಾಟಗಳಿಗೆ ಅಡ್ಡಿ ಕಡಿಮೆ. ಉಪ್ಪುಗಾಳಿ ಇಲ್ಲದ ಕಾರಣ ಲೋಹಕ್ಕೆ ಬೇಗ ತುಕ್ಕು ಹಿಡಿಯುವುದಿಲ್ಲ. ಬೇಸಿಗೆಯಲ್ಲೂ ಶೆಡ್ಡಿನೊಳಗೆ ನಿಂತು ದಿನವಿಡೀ ಕೆಲಸ ಮಾಡಬಹುದು. ಇವೆಲ್ಲಕ್ಕಿಂತ ಮುಖ್ಯವಾಗಿ, ಕಡಲಿನಿಂದ ಮುನ್ನೂರು ಕಿಲೋಮೀಟರಿನಷ್ಟು ಒಳಗಿರುವ ಊರನ್ನು ಶತ್ರುವಿನ ಹಡಗುಗಳಿಂದ ಏಳುವ ವಿಮಾನಗಳು ತಲುಪುವುದು ಕಷ್ಟ. 1940ರ ಅಕ್ಟೋಬರ್‌ನಲ್ಲಿ ಜಪಾನೀಯರು ಲೋಯ್‌ವಿಂಗ್ ಕಾರ್ಖಾನೆಯ ಮೇಲೆ ಬಾಂಬು ಹಾಕಿದ್ದರು. ಅದನ್ನು ಕಂಡವರಿಗೆ ಬೆಂಗಳೂರಿನ ಈ ಗುಣದ ಬೆಲೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಕಾರ್ಖಾನೆ 'ವಿಮಾನ ತಯಾರಿಸಿತು' ಎಂಬ ಮಾತಿನಲ್ಲಿ ನಾಲ್ಕು ಬೇರೆಬೇರೆ ಕೆಲಸಗಳು ಒಟ್ಟಾಗಿ ಸೇರಿಬಿಡುತ್ತವೆ. ಹೊರದೇಶದಿಂದ ಪೆಟ್ಟಿಗೆಗಳಲ್ಲಿ ಬಂದ ಭಾಗಗಳನ್ನು ಕೂಡಿಸುವುದು ಜೋಡಣೆ. ಪರರ ನಕ್ಷೆಯನ್ನು ಹಣ ಕೊಟ್ಟು ಪಡೆದು ಭಾಗಗಳನ್ನು ಇಲ್ಲೇ ಮಾಡುವುದು ಪರವಾನಗಿಯ ತಯಾರಿಕೆ. ಹಾರಿ ಸವೆದ ವಿಮಾನವನ್ನು ಬಿಚ್ಚಿ, ಪರೀಕ್ಷಿಸಿ, ಮತ್ತೆ ಹೊಸದರಂತೆ ಮಾಡುವುದು ಓವರ್‌ಹಾಲ್. ಖಾಲಿ ಕಾಗದದಿಂದ ಆರಂಭಿಸಿ ಹಾರುವ ಯಂತ್ರದವರೆಗೆ ಎಲ್ಲವನ್ನೂ ತಾವೇ ಮಾಡುವುದು ವಿನ್ಯಾಸ. ಬೆಂಗಳೂರು ಮೊದಲು ಮಾಡಿದ್ದು ಜೋಡಣೆ. 1941ರ ಆಗಸ್ಟ್‌ನಲ್ಲಿ ಹಾರ್ಲೋ ಎಂಬ ತರಬೇತಿ ವಿಮಾನ ಇಲ್ಲಿಂದ ಹಾರಿತು. 1942ರ ಜುಲೈ 31ರಂದು ಕರ್ಟಿಸ್ ಹಾಕ್ ಎಂಬ ಯುದ್ಧವಿಮಾನ ಹಾರಿತು. ರಾಗಿ ಬೆಳೆಯುತ್ತಿದ್ದ ನೆಲದಿಂದ ಕಂಪನಿ ಹುಟ್ಟಿದ ಎಂಟೇ ತಿಂಗಳಲ್ಲಿ ವಿಮಾನವೊಂದು ಮೇಲೆದ್ದದ್ದು ಸಣ್ಣ ಸಂಗತಿಯಲ್ಲ. ಆದರೂ ಭಾಗಗಳು ಅಮೆರಿಕದವು, ಎಂಜಿನ್ನು ಅಮೆರಿಕದ್ದು ಎಂಬುದನ್ನು ಮರೆಯಬಾರದು.

ಅಷ್ಟರಲ್ಲಿ ಯುದ್ಧದ ಗತಿ ಬದಲಾಗಿತ್ತು. 1942ರ ಫೆಬ್ರುವರಿಯಲ್ಲಿ ಸಿಂಗಪುರ, ಮಾರ್ಚ್‌ನಲ್ಲಿ ರಂಗೂನು ಜಪಾನೀಯರ ವಶವಾದವು. ಏಪ್ರಿಲ್ ಮೊದಲ ವಾರದಲ್ಲಿ ಕೊಲಂಬೊ, ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬು ಬಿದ್ದವು. ಅದೇ ಏಪ್ರಿಲ್ ಆರಂಭದಲ್ಲಿ ಭಾರತ ಸರ್ಕಾರ ವಾಲ್‌ಚಂದರ ಪಾಲನ್ನು ಕೊಂಡು ಕಾರ್ಖಾನೆಯ ಆಡಳಿತವನ್ನು ಕೈಗೆ ತೆಗೆದುಕೊಂಡಿತು. ಮೈಸೂರು ತನ್ನ ಪಾಲನ್ನು ಮಾರಲಿಲ್ಲ, ಯುದ್ಧ ಮುಗಿಯುವವರೆಗೆ ಆಡಳಿತದಿಂದ ಮಾತ್ರ ಹಿಂದೆ ಸರಿಯಿತು. ಈ ಒಂದು ನಿಲುವಿಗಾಗಿ ಸಂಸ್ಥಾನದ ಅಂದಿನ ಆಡಳಿತಗಾರರನ್ನು ಕೃತಜ್ಞತೆಯಿಂದ ನೆನೆಯಬೇಕು. 1943ರ ಸೆಪ್ಟೆಂಬರ್‌ನಲ್ಲಿ ಕಾರ್ಖಾನೆಯನ್ನು ಅಮೆರಿಕದ ಸೇನಾ ವಾಯುಪಡೆಗೆ ವಹಿಸಲಾಯಿತು. ಚೀನಾ–ಬರ್ಮಾ ರಂಗದಲ್ಲಿ ಸವೆದುಹೋದ ವಿಮಾನಗಳಿಗೆ ಇದು ಓವರ್‌ಹಾಲ್ ಕೇಂದ್ರವಾಯಿತು. ಹೊಸ ವಿಮಾನ ಕಟ್ಟುವ ಕೆಲಸ ನಿಂತುಹೋಯಿತು.

ಇದನ್ನು ಹಿನ್ನಡೆ ಎಂದು ಬರೆದವರಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಪೆಟ್ಟಿಗೆಯಿಂದ ಬಂದ ಭಾಗಗಳನ್ನು ಸೂಚನೆಯಂತೆ ಕೂಡಿಸುವವನಿಗೆ ಆ ಭಾಗ ಏಕೆ ಹಾಗಿದೆ ಎಂಬುದು ತಿಳಿಯಬೇಕಾಗಿಲ್ಲ. ಓವರ್‌ಹಾಲ್ ಮಾಡುವವನಿಗೆ ಅದು ತಿಳಿಯದಿದ್ದರೆ ಕೆಲಸವೇ ಸಾಗದು. ನಿಗದಿತ ಗಂಟೆಗಳಷ್ಟು ಹಾರಿದ ಎಂಜಿನ್ನನ್ನು ವಿಮಾನದಿಂದ ಇಳಿಸಿ, ಕೊನೆಯ ಬೋಲ್ಟಿನವರೆಗೆ ಬಿಚ್ಚಿ, ಎಣ್ಣೆಯ ಜಿಡ್ಡು ಹೋಗುವಂತೆ ತೊಳೆದು ಸಾಲಾಗಿ ಜೋಡಿಸುತ್ತಾರೆ. ಪ್ರತಿ ಪಿಸ್ಟನ್ನನ್ನೂ ಸಿಲಿಂಡರನ್ನೂ ಮೈಕ್ರೋಮೀಟರಿನಿಂದ ಅಳೆದು ಎಷ್ಟು ಸವೆದಿದೆ ಎಂದು ಬರೆದಿಡುತ್ತಾರೆ. ಕಣ್ಣಿಗೆ ಕಾಣದ ಬಿರುಕುಗಳನ್ನು ಹುಡುಕುತ್ತಾರೆ. ಯಾವುದನ್ನು ಉಳಿಸಬಹುದು, ಯಾವುದನ್ನು ಎಸೆಯಬೇಕು ಎಂಬ ತೀರ್ಮಾನ ಪ್ರತಿ ತುಣುಕಿನ ಬಗೆಗೂ ಆಗಬೇಕು. ರೆಕ್ಕೆಯಲ್ಲಿ ಗುಂಡಿನ ತೂತಿದ್ದರೆ ಸುತ್ತಲಿನ ತಗಡನ್ನು ಕತ್ತರಿಸಿ, ತೇಪೆ ಹಾಕಿ, ಸಾಲುಸಾಲು ರಿವೆಟ್ ಹೊಡೆಯಬೇಕು. ಒಂದು ಸಾಲು ಸೊಟ್ಟಗಾದರೂ ಆ ಭಾಗ ಭಾರ ಹೊರುವ ರೀತಿ ಬದಲಾಗುತ್ತದೆ. ಎರಡು ಎಂಜಿನ್ನಿನವು, ನಾಲ್ಕು ಎಂಜಿನ್ನಿನವು, ಬಾಂಬರ್, ಸಾಗಣೆ ವಿಮಾನ ಎಂದು ಬಗೆಬಗೆಯ ಯಂತ್ರಗಳ ಒಳಗನ್ನು ಬೆಂಗಳೂರಿನ ಕೆಲಸಗಾರರು ಹೀಗೆ ಎರಡು ವರ್ಷಗಳಿಗೂ ಹೆಚ್ಚು ಕಾಲ ಕೈಯಾರೆ ಬಿಚ್ಚಿ ನೋಡಿದರು. ಇಂಥ ಪಾಠವನ್ನು ಹಣ ಕೊಟ್ಟು ಯಾವ ದೇಶದಿಂದಲೂ ತರುವುದು ಅಂದು ಸಾಧ್ಯವಿರಲಿಲ್ಲ.

ಹೀಗೆ ದುರಸ್ತಿಗೆ ಬಂದವುಗಳಲ್ಲಿ ಕ್ಯಾಟಲೀನಾ ಎಂಬ ಜಲವಿಮಾನವೂ ಇತ್ತು. ದೋಣಿಯಂಥ ಹೊಟ್ಟೆ, ಅದರ ಮೇಲೆ ಮೂವತ್ತು ಮೀಟರಿಗೂ ಉದ್ದದ ರೆಕ್ಕೆ. ಇದು ನೀರಿನ ಮೇಲೆ ಇಳಿಯಬೇಕು, ನೀರಿನಿಂದಲೇ ಏಳಬೇಕು. ನೀರು ಹೊಟ್ಟೆಯನ್ನು ಹಿಡಿದು ಎಳೆಯುವುದರಿಂದ ಏಳಲು ನೆಲಕ್ಕಿಂತ ಹೆಚ್ಚು ಉದ್ದದ ಓಟ ಬೇಕು. ಸಮುದ್ರವಿಲ್ಲದ ಬೆಂಗಳೂರಿಗೆ ಈ ಕೊರತೆ ನೀಗಿಸಿದ್ದು ಕಾರ್ಖಾನೆಯ ದಕ್ಷಿಣಕ್ಕಿದ್ದ ಬೆಳ್ಳಂದೂರು ಕೆರೆ. ನೂರಾರು ವರ್ಷಗಳ ಹಿಂದೆ ಗದ್ದೆಗೆ ನೀರುಣಿಸಲು ಕಟ್ಟಿದ ಏರಿಯ ಹಿಂದಿನ ನೀರಿನ ಮೇಲೆ ಯುದ್ಧದ ಜಲವಿಮಾನಗಳು ಇಳಿದವು. ಇಂದು ನೊರೆಯ ಕಾರಣಕ್ಕೆ ಸುದ್ದಿಯಾಗುವ ಆ ಕೆರೆಯನ್ನು ನೋಡುವಾಗ ಈ ಸಂಗತಿ ನೆನಪಾಗಿ ನನಗೆ ಸಂಕಟವಾಗುತ್ತದೆ.

ಮೈಸೂರಿನ ಹೆಸರು ಈ ಯುದ್ಧದಲ್ಲಿ ಇಂಗ್ಲೆಂಡಿನ ಆಕಾಶವನ್ನೂ ಮುಟ್ಟಿತ್ತು. ಸಂಸ್ಥಾನ ಕೊಟ್ಟ ದೇಣಿಗೆಯ ಗೌರವಾರ್ಥ ಬ್ರಿಟನ್ನಿನ ವಾಯುಪಡೆಯಲ್ಲಿ 1941ರಲ್ಲಿ ರಚನೆಯಾದ 129ನೆಯ ಸ್ಕ್ವಾಡ್ರನ್ನಿಗೆ 'ಮೈಸೂರು ಸ್ಕ್ವಾಡ್ರನ್' ಎಂದೇ ಹೆಸರಿಟ್ಟರು. ಅದರ ಲಾಂಛನದಲ್ಲಿದ್ದದ್ದು ಗಂಡಭೇರುಂಡ.

ಕೈಕೆಲಸದ ಜೊತೆಗೆ ಲೆಕ್ಕದ ವಿದ್ಯೆಯೂ ಬೇಕಿತ್ತು. 1942ರ ಡಿಸೆಂಬರ್‌ನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ಆರಂಭವಾಯಿತು. ಅದರ ಆರಂಭದ ಹೊಣೆ ಹೊತ್ತವರು ಡಾ. ವಿ.ಎಂ. ಘಾಟಗೆ. ಜರ್ಮನಿಯ ಗಟಿಂಗನ್‌ನಲ್ಲಿ, ಆಧುನಿಕ ವಾಯುಚಲನ ವಿಜ್ಞಾನದ ತಳಹದಿ ಹಾಕಿದ ಲುಡ್ವಿಗ್ ಪ್ರಾಂಟಲ್ ಅವರ ಬಳಿ ಸಂಶೋಧನೆ ಮಾಡಿ ಬಂದಿದ್ದ ಘಾಟಗೆಯವರು ಕಾರ್ಖಾನೆಯಲ್ಲೂ ಸಂಸ್ಥೆಯಲ್ಲೂ ಕೆಲಸ ಮಾಡಿದರು. ವಿಭಾಗದಲ್ಲಿ ಐದು ಅಡಿಗೆ ಏಳು ಅಡಿ ಅಗಲದ ಗಾಳಿಸುರಂಗ ಸಿದ್ಧವಾಯಿತು. ಗಾಳಿಸುರಂಗದ ತತ್ತ್ವ ಸರಳ. ವಿಮಾನ ನಿಂತ ಗಾಳಿಯಲ್ಲಿ ಓಡಿದರೂ, ನಿಂತ ವಿಮಾನದ ಮೇಲೆ ಗಾಳಿ ಓಡಿದರೂ ರೆಕ್ಕೆಯ ಮೇಲೆ ಬೀಳುವ ಬಲ ಒಂದೇ. ಆದ್ದರಿಂದ ದೊಡ್ಡ ಫ್ಯಾನಿನಿಂದ ಕೊಳವೆಯೊಳಗೆ ಗಾಳಿ ಹಾಯಿಸಿ, ನಡುವೆ ವಿಮಾನದ ಪುಟ್ಟ ಮಾದರಿಯನ್ನು ತಕ್ಕಡಿಗೆ ಕಟ್ಟಿ ನಿಲ್ಲಿಸಿದರೆ, ಅದನ್ನು ಗಾಳಿ ಎಷ್ಟು ಎತ್ತುತ್ತದೆ, ಎಷ್ಟು ಹಿಂದಕ್ಕೆ ತಳ್ಳುತ್ತದೆ ಎಂದು ಅಳೆಯಬಹುದು. ಪೈಲಟ್ ಜೀವ ಪಣಕ್ಕಿಡುವ ಮೊದಲೇ ರೆಕ್ಕೆಯ ದೋಷ ಗೊತ್ತಾಗುತ್ತದೆ. ಸಂಸ್ಥೆಯ ಅಂಗಳದಲ್ಲಿ ನಿಲ್ಲಿಸಿದ್ದ ಸ್ಪಿಟ್‌ಫೈರ್ ವಿಮಾನವೊಂದನ್ನು ಕಂಡು ಮಾರುಹೋದ ಬೆಂಗಳೂರಿನ ತರುಣನೊಬ್ಬ ಮುಂದೆ ಇದೇ ವಿಭಾಗ ಸೇರಿ ಜಗತ್ಪ್ರಸಿದ್ಧ ವಿಜ್ಞಾನಿಯಾದರು. ಅವರೇ ರೊದ್ದಂ ನರಸಿಂಹ.

ಯುದ್ಧ ಮುಗಿದ ಮೇಲೆ ಕೆಲಸ ಒಮ್ಮೆಲೇ ಬತ್ತಿತು. ಕೈ ಪಳಗಿದ ಕೆಲಸಗಾರರನ್ನು ಉಳಿಸಿಕೊಳ್ಳಲು ಕಾರ್ಖಾನೆ ರೈಲು ಬೋಗಿಗಳನ್ನೂ ಬಸ್ಸಿನ ಮೈಗಳನ್ನೂ ಕಟ್ಟಿತು. ಸೇನೆ ಬಿಟ್ಟುಹೋದ ಡಕೋಟಾಗಳನ್ನು ಪ್ರಯಾಣಿಕರ ವಿಮಾನಗಳಾಗಿ ಮಾರ್ಪಡಿಸಿತು. ಆಗ ಬಂದ ದೊಡ್ಡ ಸವಾಲು ಲಿಬರೇಟರ್ ಬಾಂಬರುಗಳದು. ಬ್ರಿಟಿಷರು ಹೊರಡುವ ಮುನ್ನ ಮತ್ತೆ ಯಾರೂ ಹಾರಿಸದಂತೆ ಕೆಡಿಸಿ ಕಾನ್ಪುರದಲ್ಲಿ ಬಿಟ್ಟಿದ್ದ ಈ ನಾಲ್ಕು ಎಂಜಿನ್ನಿನ ವಿಮಾನಗಳಲ್ಲಿ ದುರಸ್ತಿಗೆ ಒಗ್ಗುವಂಥವನ್ನು ಬೆಂಗಳೂರಿನ ತಂಡ ಆರಿಸಿತು. ಅಲ್ಲಿಯೇ ಹಾರಲು ಸಾಕಾಗುವಷ್ಟು ಮಾತ್ರ ಸರಿಪಡಿಸಿ, ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು. ಆ ಹಾರಾಟಗಳ ಹೊಣೆ ಹೊತ್ತವರು ಕಾರ್ಖಾನೆಯ ಮುಖ್ಯ ಪರೀಕ್ಷಾ ಪೈಲಟ್ ಜಿಮ್ಮಿ ಮುನ್ಷಿ. ಯುದ್ಧಕಾಲದಲ್ಲಿ ಕಲಿತ ಓವರ್‌ಹಾಲ್ ವಿದ್ಯೆಯೆಲ್ಲ ಇಲ್ಲಿ ಒರೆಗೆ ಬಿತ್ತು. 1948ರ ನವೆಂಬರ್‌ನಲ್ಲಿ ಸ್ವತಂತ್ರ ಭಾರತದ ವಾಯುಪಡೆಯ 5ನೆಯ ಸ್ಕ್ವಾಡ್ರನ್ ಹೀಗೆ ಮರುಜೀವ ಪಡೆದ ಲಿಬರೇಟರುಗಳೊಂದಿಗೆ ಆರಂಭವಾಯಿತು. ಅವು 1968ರವರೆಗೆ ಸೇವೆಯಲ್ಲಿದ್ದವು.

ಉಳಿದದ್ದು ವಿನ್ಯಾಸ. ಘಾಟಗೆಯವರು 1941ರಲ್ಲಿಯೇ ಹತ್ತು ಜನ ಕೂರುವ ಗ್ಲೈಡರ್ ಒಂದನ್ನು ರೂಪಿಸಿದ್ದರು. ಯುದ್ಧಕಾಲದಲ್ಲಿ ಅದು ಮುಂದುವರಿಯಲಿಲ್ಲ. ಹತ್ತು ವರ್ಷಗಳ ನಂತರ, 1951ರ ಆಗಸ್ಟ್‌ನಲ್ಲಿ, ಅವರ ತಂಡ ರೂಪಿಸಿದ ಎಚ್‌ಟಿ–2 ತರಬೇತಿ ವಿಮಾನ ಮುನ್ಷಿಯವರ ಕೈಯಲ್ಲಿ ಹಾರಿತು. ಪೂರ್ತಿ ಲೋಹದ ಮೈ, ಕೆಳಗೆ ಜೋಡಿಸಿದ ರೆಕ್ಕೆ, ಒಂದರ ಹಿಂದೊಂದು ಎರಡು ಆಸನ, ಮಡಚದ ಗಾಲಿಗಳು. ವಿಮಾನಪುರದ ವಸ್ತುಸಂಗ್ರಹಾಲಯದಲ್ಲಿ ಈ ವಿಮಾನದ ಪಕ್ಕ ನಿಂತರೆ ಅದು ಎಷ್ಟು ಚಿಕ್ಕದು ಎಂದು ಆಶ್ಚರ್ಯವಾಗುತ್ತದೆ. ಹತ್ತಿರದಿಂದ ನೋಡಿದಾಗ ಕಣ್ಣು ನಿಲ್ಲುವುದು ರೆಕ್ಕೆಯ ಮೇಲಿನ ರಿವೆಟ್ಟುಗಳ ನೇರ ಸಾಲುಗಳ ಮೇಲೆ. ಎಂಜಿನ್ನು ಇಂಗ್ಲೆಂಡಿನದಾಗಿತ್ತು, ಆದರೆ ರೆಕ್ಕೆಯ ಆಕಾರ, ಮೈಯ ಲೆಕ್ಕ, ಪ್ರತಿ ತಗಡಿನ ದಪ್ಪ ಎಲ್ಲವೂ ಇಲ್ಲಿನ ಕಾಗದದ ಮೇಲೆ ಹುಟ್ಟಿದವು. 1953ರಿಂದ ವಾಯುಪಡೆಯ ಪೈಲಟ್‌ಗಳು ಇದರಲ್ಲಿ ಹಾರಲು ಕಲಿತರು. ಘಾನಾ ದೇಶವೂ ಈ ವಿಮಾನಗಳನ್ನು ಕೊಂಡಿತು.

ಇದೇ ಹೊತ್ತಿಗೆ ರಾಜ್ಯದ ಬೇರೆ ಕಡೆಗಳಲ್ಲೂ ರನ್‌ವೇಗಳು ಬಳಕೆಗೆ ಬಂದಿದ್ದವು. ಯಲಹಂಕ ಮತ್ತು ಬೆಳಗಾವಿಯ ಸಾಂಬ್ರಾ ಯುದ್ಧಕಾಲದಲ್ಲಿ ಬ್ರಿಟಿಷ್ ವಾಯುಪಡೆಯ ನೆಲೆಗಳಾಗಿದ್ದವು, ಜಕ್ಕೂರಿನಲ್ಲಿ ಸರ್ಕಾರದ ವಿಮಾನ ಚಾಲನಾ ತರಬೇತಿ ಶಾಲೆ ನಡೆಯುತ್ತಿತ್ತು. ಮಂಗಳೂರಿನ ಬಜ್ಪೆ ನಿಲ್ದಾಣ 1951ರ ಡಿಸೆಂಬರ್ 25ರಂದು ಉದ್ಘಾಟನೆಯಾದಾಗ ನೆಹರೂ ಅಲ್ಲಿಗೆ ಬಂದಿಳಿದದ್ದು ಡಕೋಟಾ ವಿಮಾನದಲ್ಲಿ.

1959ರಲ್ಲಿ ಕೇಂದ್ರ ಸರ್ಕಾರ ದೆಹಲಿಯಲ್ಲಿ ರಾಷ್ಟ್ರೀಯ ವಿಮಾನ ಸಂಶೋಧನಾಲಯವನ್ನು ಆರಂಭಿಸಿತು. ಕಾರ್ಖಾನೆ, ವಿಜ್ಞಾನ ಸಂಸ್ಥೆ, ಗಾಳಿಸುರಂಗ, ಕೆಲಸಗಾರರು ಎಲ್ಲ ಬೆಂಗಳೂರಿನಲ್ಲೇ ಇದ್ದದ್ದರಿಂದ ಮರುವರ್ಷವೇ ಅದು ಇಲ್ಲಿಗೆ ಬಂತು. ಸ್ವಂತ ಕಟ್ಟಡ ಆಗುವವರೆಗೆ ಅದರ ನಿರ್ದೇಶಕರಾದ ಡಾ. ಪಿ. ನೀಲಕಂಠನ್ ಅವರ ತಂಡಕ್ಕೆ ಸಿಕ್ಕ ಜಾಗ ಜಯಮಹಲ್ ರಸ್ತೆಯಲ್ಲಿ, ಮೈಸೂರು ಮಹಾರಾಜರ ಅರಮನೆಯ ಹಳೆಯ ಕುದುರೆ ಲಾಯ.